ಕೈಲ್ ಮುಹೂರ್ತಕ್ಕೆ ಮುನ್ನ ಜೋಡಿ ನಳಿಗೆ ಕೋವಿಯ ಶುಚಿ

ಗದ್ದೆ ನಾಟಿ ಮುಗಿದು, ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬರುವ ಹೊತ್ತಿಗೆ ಕೊಡಗಿನ ಕೋವಿಗಳು ಮೂರು ತಿಂಗಳ ಮಳೆ ಕಂಡಿರುತ್ತವೆ. ಹಾರಿಸಿದ ಕೋವಿಗಿಂತ ಮೂಲೆಯಲ್ಲಿ ನಿಲ್ಲಿಸಿಟ್ಟ ಕೋವಿಯೇ ಬೇಗ ಕೆಡುವ ಕಾಲ ಇದು. ಪೂಜೆಗಿಟ್ಟು, ತೋಕ್ ಪೂ ಎನ್ನುವ ಕೋವಿ ಹೂ ಮುಡಿಸಿ, ಆಮೇಲೆ ತೆಂಗಿನಕಾಯಿಗೆ ಗುರಿ ಹಿಡಿಯುವ ಮೊದಲು ಎರಡು ಗಂಟೆ ಬಿಡುವು ಮಾಡಿಕೊಂಡು ಅದನ್ನು ಪೂರ್ತಿ ಬಿಚ್ಚಿ ನೋಡಬೇಕು. ಇಲ್ಲಿ ಹೇಳುತ್ತಿರುವುದು ಮನೆಮನೆಯಲ್ಲಿರುವ 12 ಬೋರ್ ಜೋಡಿ ನಳಿಗೆ ತೋಟಾ ಕೋವಿಯ ವಿಷಯ. ಬಾಯಿಯಿಂದ ಕರಿಮದ್ದು ತುಂಬಿ ಹಾರಿಸುವ ಕೇಪಿನ ಕೋವಿಯ ಕ್ರಮ ಬೇರೆ, ಅದು ಕೊನೆಯಲ್ಲಿದೆ.

ಮೊದಲು ತೋಟಾಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸಿ. ನಳಿಗೆಯ ಬಾಯನ್ನು ಜನರಿಲ್ಲದ ಕಡೆಗೆ ತಿರುಗಿಸಿಕೊಂಡು, ಮೇಲಿನ ಲಿವರನ್ನು ಬಲಕ್ಕೆ ತಳ್ಳಿ ಕೋವಿ ಮುರಿಯಿರಿ, ಅಂದರೆ ಕೀಲಿನಲ್ಲಿ ಬಾಗಿಸಿ ತೆರೆಯಿರಿ. ತೋಟಾ ಕೂರುವ ಎರಡೂ ಗೂಡುಗಳನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಆಮೇಲೆ ಬೆಳಕಿಗೆ ಹಿಡಿದು ನಳಿಗೆಯ ಉದ್ದಕ್ಕೂ ಕಣ್ಣು ಹಾಯಿಸಿ. ಇದನ್ನು ಬರೀ ಶಾಸ್ತ್ರಕ್ಕೆ ಮಾಡಬೇಡಿ. ಗೋಡೆಗೆ ಒರಗಿಸಿಟ್ಟ ಕೋವಿಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಅದು ಅಡ್ಡವಿರುವಾಗ ಈಡು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಮನೆಯಲ್ಲಿ 12ಕ್ಕಿಂತ ಕಿರಿದಾದ 20 ಬೋರ್ ಕೋವಿಯೂ ಇದ್ದರೆ ಇನ್ನೊಂದು ಅಪಾಯವಿದೆ. 20ರ ತೋಟಾ 12ರ ಗೂಡಿನಿಂದ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಗೂಡು ಖಾಲಿ ಎನಿಸಿ 12ರ ತೋಟಾ ತುಂಬಿಬಿಟ್ಟರೆ ಎಡಗೈಯೇ ಹೋದೀತು. 20 ಬೋರ್ ತೋಟಾಗಳಿಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ.

ಈಗ ನಳಿಗೆಯ ಕೆಳಗಿನ ಮರದ ತುಂಡನ್ನು ಕಳಚಿ, ನಳಿಗೆಯನ್ನು ಹಿಡಿಯಿಂದ ಬೇರ್ಪಡಿಸಿ. ಬೇಕಾಗುವ ಸಾಮಾನು ಇಷ್ಟು: ಮೂರು ತುಂಡಿನ ಮರದ ಇಲ್ಲವೇ ಅಲ್ಯೂಮಿನಿಯಂ ಸರಳು, ಕಂಚಿನ ತಂತಿಯ 12 ಬೋರ್ ಬ್ರಷ್, ಉಣ್ಣೆಯ ಮಾಪ್, ನಾಲ್ಕಿಂಚು ಚೌಕದ ಹಳೆಯ ಫ್ಲಾನೆಲ್ ತುಂಡುಗಳು, ನಳಿಗೆ ತೊಳೆಯುವ ಸಾಲ್ವೆಂಟ್, ತೆಳು ಗನ್ ಆಯಿಲ್, ಹಳೆಯ ಹಲ್ಲುಜ್ಜುವ ಬ್ರಷ್.

ಸರಳು ಯಾವಾಗಲೂ ತೋಟಾ ಗೂಡಿನ ಕಡೆಯಿಂದ ಹೋಗಲಿ. ಬಾಯಿಯ ಕಡೆಯಿಂದ ತುರುಕಿದರೆ ಕೊಳೆ ಒಳಮುಖವಾಗಿ ಬರುತ್ತದೆ, ಚೋಕಿನ (ಬಾಯಿಯ ಬಳಿ ನಳಿಗೆ ಕಿರಿದಾಗುವ ಭಾಗ) ಅಂಚೂ ಸವೆಯುತ್ತದೆ. ಮೊದಲು ಮುದುಡಿದ ನ್ಯೂಸ್‌ಪೇಪರ್ ತುಂಡನ್ನು ಒಣದಾಗಿಯೇ ತಳ್ಳಿ, ಸಡಿಲ ಮಸಿಯೆಲ್ಲ ಹೊರಬರುತ್ತದೆ. ಬಟ್ಟೆಗೆ ಸಾಲ್ವೆಂಟ್ ಹಚ್ಚಿ ಒಂದು ಸಲ ಹಾಯಿಸಿ, ಹತ್ತು ಹದಿನೈದು ನಿಮಿಷ ಬಿಡಿ. ಅವಸರಪಟ್ಟವರಿಗೆ ಬ್ರಷ್ಷಿನ ಕೆಲಸ ಎರಡರಷ್ಟಾಗುತ್ತದೆ. ಆಮೇಲೆ ಕಂಚಿನ ಬ್ರಷ್ಷನ್ನು ಪ್ರತಿ ನಳಿಗೆಗೆ ಹತ್ತು ಸಲ ಎಳೆಯಿರಿ. ಪ್ರತಿ ಸಲವೂ ಬ್ರಷ್ ಬಾಯಿಯಿಂದ ಪೂರ್ತಿ ಹೊರಬರಬೇಕು. ನಡುವೆಯೇ ಹಿಂದಕ್ಕೆಳೆದರೆ ತಂತಿಗಳು ಮಡಚಿ ಕಚ್ಚಿಕೊಳ್ಳುತ್ತವೆ.

ಕೊಳೆ ಎಲ್ಲ ಕಡೆಯೂ ಒಂದೇ ಸಮ ಇರುವುದಿಲ್ಲ. ತೋಟಾ ಗೂಡು ಮುಗಿದು ನಳಿಗೆ ಕಿರಿದಾಗುವ ಇಳಿಜಾರಿನಲ್ಲಿ, ಮತ್ತೆ ಬಾಯಿಯ ಬಳಿ ಚೋಕಿನಲ್ಲಿ ಸೀಸ ಮೆತ್ತಿಕೊಳ್ಳುತ್ತದೆ. ಬೆಳಕಿಗೆ ಹಿಡಿದರೆ ಮಂಕು ಬೂದುಬಣ್ಣದ ಗೆರೆಗಳಾಗಿ ಕಾಣುವುದು ಅದೇ. ಪ್ಲಾಸ್ಟಿಕ್ ವ್ಯಾಡಿನ (ಮದ್ದಿಗೂ ಗುಂಡುಗಳಿಗೂ ನಡುವಿನ ಬಿರಡೆ) ತೋಟಾ ಬಳಸುವವರ ನಳಿಗೆಯಲ್ಲಿ ಸೀಸ ಕಡಿಮೆ, ಪ್ಲಾಸ್ಟಿಕ್ಕಿನ ಪೊರೆ ಜಾಸ್ತಿ. ಬಟ್ಟೆ ಬೆಳ್ಳಗೆ ಬಂತೆಂದು ನಿಲ್ಲಿಸಬೇಡಿ, ಗೆರೆ ಹೋಗುವವರೆಗೆ ಆ ಎರಡು ಜಾಗಗಳಲ್ಲಿ ಮತ್ತೆ ಸಾಲ್ವೆಂಟ್, ಮತ್ತೆ ಬ್ರಷ್. ಕೆಂಪು ಪುಡಿ ಬಂದರೆ ತುಕ್ಕು. ತುಕ್ಕು ಹೋದ ಮೇಲೂ ಚುಕ್ಕಿ ಕುಳಿಗಳು ಉಳಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ. ಮರಳು ಕಾಗದವಂತೂ ಹತ್ತಿರವೂ ಬರಬಾರದು. ಕೋವಿ ರಿಪೇರಿಯವರಿಗೆ ತೋರಿಸಿ.

ನಳಿಗೆ ಕೈಯಲ್ಲಿರುವಾಗಲೇ ಎರಡು ಪರೀಕ್ಷೆ. ಕೆಳಗಿನ ಕೊಕ್ಕೆಗೆ ಬೆರಳು ಹಾಕಿ ಜೋತುಬಿಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಹೊರಟರೆ ಸರಿ. ಬಡ್ಡು ದನಿ ಬಂದರೆ ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ. ಕೋವಿಯನ್ನು ಮತ್ತೆ ಜೋಡಿಸುವಾಗ, ಮುಂದಿನ ಮರದ ತುಂಡು ಹಾಕುವ ಮೊದಲು, ನಳಿಗೆ ಮುಚ್ಚಿ ಅತ್ತಿತ್ತ ಅಲ್ಲಾಡಿಸಿ ನೋಡಿ. ಕಟಕಟ ಎಂದರೆ ಕೀಲು ಸವೆದಿದೆ, ಆ ಕೋವಿಯಿಂದ ಈಡು ಹಾರಿಸಬೇಡಿ.

ಅಜ್ಜನ ಕಾಲದ ಕೋವಿಗಳಲ್ಲಿ ಗಮನಿಸಬೇಕಾದ ಮಾತೊಂದಿದೆ. ಹಳೆಯ ಇಂಗ್ಲಿಷ್ ಕೋವಿಗಳ ಗೂಡು ಬಹುಮಟ್ಟಿಗೆ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಈಗಿನ ತೋಟಾ ಹೆಚ್ಚಾಗಿ 70 ಮಿಲಿಮೀಟರ್. ಮಡಿಸಿದ ಬಾಯಿಯ ತೋಟಾ ಸಲೀಸಾಗಿ ಒಳಗೆ ಕೂರುವುದರಿಂದ ಹೊಂದಿತೆಂದೇ ಅನಿಸುತ್ತದೆ. ಹಾರಿದಾಗ ಆ ಮಡಿಕೆ ಬಿಚ್ಚಿ ಇಳಿಜಾರಿನೊಳಗೆ ಚಾಚಿ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ನಳಿಗೆಯ ಚಪ್ಪಟೆ ಭಾಗದ ಮೇಲೆ ಕೊರೆದ ಅಳತೆಯನ್ನು ಓದಿಯೇ ತೋಟಾ ಕೊಳ್ಳಿ. ಮೈಮೇಲೆ ಅಲೆಅಲೆಯ ಚಿತ್ತಾರವಿರುವ ಡಮಾಸ್ಕಸ್ ನಳಿಗೆಯಾದರೆ, ತಿಳಿದವರು ಪರೀಕ್ಷಿಸುವ ತನಕ ಪೂಜೆಗಷ್ಟೇ ಇರಲಿ.

ಎಣ್ಣೆಯ ವಿಷಯದಲ್ಲಿ ಆಗುವ ತಪ್ಪು ಅತಿಯಾಗಿ ಹಚ್ಚುವುದು. ಮಾಪಿಗೆ ನಾಲ್ಕು ಹನಿ ಹಾಕಿ ಎರಡೂ ನಳಿಗೆಗೆ ಹಾಯಿಸಿದರೆ ಸಾಕು. ಹೊರಮೈಗೆ ಎಣ್ಣೆ ಸವರಿದ ಬಟ್ಟೆ, ಕೀಲಿಗೆ ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್. ತೆಂಗಿನೆಣ್ಣೆ ಬೇಡ, ಮಡಿಕೇರಿಯ ಚಳಿಗೆ ಅದು ಗಟ್ಟಿಯಾಗುತ್ತದೆ, ಹಳೆಯದಾದರೆ ಅಂಟಾಗಿ ಯಂತ್ರವನ್ನು ಹಿಡಿಯುತ್ತದೆ. ಸೀಮೆಎಣ್ಣೆ ಕೊಳೆ ತೆಗೆಯುತ್ತದೆ, ಆರಿದ ಮೇಲೆ ಕಬ್ಬಿಣವನ್ನು ಕಾಯುವುದಿಲ್ಲ. ಮರದ ಹಿಡಿಗೆ ಕಾಯಿಸಿದ ಅಗಸೆ ಎಣ್ಣೆ ಮೂರು ಹನಿ, ಅಂಗೈಯಿಂದ ಬಿಸಿಯಾಗುವಷ್ಟು ತಿಕ್ಕಿ. ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಶಾಖ ಹುಟ್ಟಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ನೆನೆಸಿ ಅಥವಾ ಹೊರಗೆ ಹರವಿ ಒಣಗಿಸಿ.

ಕೇಪಿನ ಕೋವಿಗೆ ಎಣ್ಣೆಯ ಮೊದಲು ನೀರು ಬೇಕು. ಕರಿಮದ್ದು ಉರಿದು ಉಳಿಸುವ ಉಪ್ಪುಗಳು ಗಾಳಿಯ ತೇವ ಹೀರುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಅದರ ಮೇಲೆಯೇ ಎಣ್ಣೆ ಹಚ್ಚಿದರೆ ಅಡಿಯಲ್ಲಿ ತುಕ್ಕು ಬೆಳೆಯುತ್ತದೆ. ಮದ್ದು ತುಂಬಿಲ್ಲವೆಂದು ಖಚಿತಪಡಿಸಿಕೊಂಡು, ಕೇಪು ಕೂರಿಸುವ ಮೊಲೆಯನ್ನು ಬಿಚ್ಚಿ, ನಳಿಗೆಗೆ ಕುದಿನೀರು ಹೊಯ್ಯಿರಿ. ತಿಳಿನೀರು ಬರುವವರೆಗೆ ಬಟ್ಟೆ ಸುತ್ತಿದ ಸರಳಿನಿಂದ ತಿಕ್ಕಿ. ನೀರು ಬಿಸಿಯಿದ್ದಷ್ಟೂ ನಳಿಗೆ ಕಾದು ಬೇಗ ಒಣಗುತ್ತದೆ. ಬಿಸಿ ಆರುವ ಮುನ್ನವೇ ಎಣ್ಣೆ.

ಕೋವಿಯನ್ನು ಚರ್ಮದ ಇಲ್ಲವೇ ಕ್ಯಾನ್ವಾಸ್ ಚೀಲದಲ್ಲಿಟ್ಟು ಮರೆಯಬೇಡಿ, ಚೀಲ ತೇವ ಹಿಡಿದಿಡುತ್ತದೆ. ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಹಿಡಿಯ ಮರಕ್ಕೆ ಇಳಿದು ಮೆತ್ತಗಾಗಿಸುವುದು ತಪ್ಪುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊರಮೈ ಒರೆಸಿ. ಹಬ್ಬದಲ್ಲಿ ಹತ್ತು ಕೈ ಮುಟ್ಟಿದ ಕೋವಿಯ ಬೆವರನ್ನು ಅದೇ ಸಂಜೆ ಒರೆಸಬೇಕು, ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡಿದ ನಳಿಗೆಗಳುಂಟು. ತೆಂಗಿನಕಾಯಿಗೆ ಗುರಿಯಿಡುವ ಬೆಳಿಗ್ಗೆ ಒಣಬಟ್ಟೆಯನ್ನು ಎರಡೂ ನಳಿಗೆಯಲ್ಲಿ ಹಾಯಿಸಿ ಎಣ್ಣೆ ತೆಗೆಯಿರಿ, ಹಾಯಿಸಿದ ಬಟ್ಟೆ ಹೊರಗೆ ಬಂತೇ ಎಂದು ಎಣಿಸಿ ನೋಡಿ.