ನಾಲ್ಕು ದಿನ, ಒಂದೇ ಊರು: ಮಕ್ಕಳನ್ನು ಬರ್ಲಿನ್‌ಗೆ ಕರೆದೊಯ್ಯುವುದು ಹೇಗೆ?

ಶಾಲೆಯಿಂದ ಯುರೋಪ್ ಪ್ರವಾಸ ಎಂದ ಕೂಡಲೇ ಏಜೆನ್ಸಿಯವರು ಮುಂದಿಡುವುದು ಹತ್ತು ದಿನಕ್ಕೆ ಐದು ದೇಶದ ಪ್ಯಾಕೇಜು. ಬಸ್ಸು ಹತ್ತು, ಇಳಿ, ಫೋಟೊ ತೆಗೆ, ಮತ್ತೆ ಬಸ್ಸು ಹತ್ತು. ಅದಕ್ಕೆ ಮೇಷ್ಟರ ಅಗತ್ಯವೇ ಇಲ್ಲ. ಒಂದೇ ರಾಜಧಾನಿಯಲ್ಲಿ ನಾಲ್ಕು ದಿನ ಉಳಿದು, ನಡೆದಾಡಿ, ಪಠ್ಯಪುಸ್ತಕದ ಎರಡು ಪ್ಯಾರಾದಲ್ಲಿ ಮುಗಿದುಹೋದ ಸಂಗತಿಯನ್ನು ಅದು ನಡೆದ ಜಾಗದಲ್ಲೇ ನಿಂತು ಓದಿಸುವುದು ಬೇರೆಯೇ ಕೆಲಸ. ಅದಕ್ಕೆ ಬರ್ಲಿನ್‌ನಷ್ಟು ಒದಗುವ ಊರು ಇನ್ನೊಂದಿಲ್ಲ ಎಂಬುದು ಇತಿಹಾಸ ಪಾಠ ಮಾಡುವ ನನ್ನ ಖಚಿತ ಅಭಿಪ್ರಾಯ. ಹಿಟ್ಲರ್, ಎರಡನೇ ಮಹಾಯುದ್ಧ, ಶೀತಲ ಸಮರ ಎಂದು ನಾವು ಬೋರ್ಡಿನ ಮೇಲೆ ಬರೆಯುವುದೆಲ್ಲ ಅಲ್ಲಿ ನಡೆದು ಮುಟ್ಟುವಷ್ಟು ದೂರದಲ್ಲಿದೆ. ಮುಖ್ಯ ಸ್ಮಾರಕಗಳಲ್ಲಿ ಹೆಚ್ಚಿನವಕ್ಕೆ ಪ್ರವೇಶ ಶುಲ್ಕವೂ ಇಲ್ಲ.

ಒಂಬತ್ತನೇ ತರಗತಿಯಿಂದ ಪಿಯುವರೆಗಿನ ಮಕ್ಕಳಿಗೆ ಈ ಪ್ರವಾಸ ಹೊಂದುತ್ತದೆ. ಅದಕ್ಕಿಂತ ಚಿಕ್ಕವರನ್ನು ಕರೆದೊಯ್ಯಬೇಡಿ. ಅಲ್ಲಿ ನೋಡಬೇಕಾದ ಕೆಲವು ಜಾಗಗಳು ದೊಡ್ಡವರಿಗೇ ಭಾರ.

ಮೊದಲು ಕಾಗದಪತ್ರ

ಹೊರಡುವ ಆರು ತಿಂಗಳ ಮೊದಲೇ ಪಾಸ್‌ಪೋರ್ಟುಗಳನ್ನು ತರಿಸಿ ಮೇಜಿನ ಮೇಲೆ ಹರಡಿಕೊಳ್ಳಿ. ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಮರಳುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ನಮ್ಮ ಕಡೆಯ ವಿಶೇಷ ತೊಡಕು ಹೆಸರಿನದು. ಶಾಲೆಯ ದಾಖಲೆಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಎಂದು ಒಬ್ಬ ಹುಡುಗನೇ ಮೂರು ಬಗೆಯಾಗಿರುತ್ತಾನೆ. ವಿಮಾನದ ಟಿಕೆಟ್ಟು, ವಿಮೆ, ವೀಸಾ ಅರ್ಜಿ ಮೂರರಲ್ಲೂ ಪಾಸ್‌ಪೋರ್ಟಿನ ಹೆಸರೇ ಅಕ್ಷರ ಬಿಡದೆ ಇರಲಿ. ಈ ಪಟ್ಟಿಯನ್ನು ಗುಮಾಸ್ತರಿಗೆ ಬಿಡದೆ ಮೇಷ್ಟರೇ ಕೂತು ಮಾಡಬೇಕು.

ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಏಪ್ರಿಲ್ ಕೊನೆಗೆ ಹೊರಡುವವರು ಜನವರಿಯಲ್ಲೇ ಕೆಲಸ ಶುರು ಮಾಡಿ. 12 ತುಂಬಿದವರೆಲ್ಲ ಬೆರಳಚ್ಚು ಕೊಡಬೇಕು. ಅವರಿಗೆ ವೀಸಾ ಶುಲ್ಕ 90 ಯೂರೊ. ಅಧ್ಯಯನಕ್ಕಾಗಿ ಹೋಗುವ ಶಾಲಾ ಮಕ್ಕಳಿಗೂ ಜೊತೆಗಿರುವ ಶಿಕ್ಷಕರಿಗೂ ಶುಲ್ಕ ವಿನಾಯಿತಿ ಷೆಂಗೆನ್ ನಿಯಮದಲ್ಲೇ ಇದೆ. ಸುಮ್ಮನೆ ಊರು ನೋಡುವ ಪ್ರವಾಸಕ್ಕೆ ಅದು ಸಿಗದು. ನಿಮ್ಮದು ಪಾಠದ ಭಾಗವೆಂದಾದರೆ ಶಾಲೆಯ ಪತ್ರ, ದಿನವಾರು ಕಾರ್ಯಕ್ರಮ ಇಟ್ಟು ಕೇಳಿ ನೋಡಿ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರವನ್ನು ವೀಸಾಕ್ಕೆ ಕೊಟ್ಟು ಮರೆಯಬೇಡಿ, ಅದರ ಪ್ರತಿ ನಿಮ್ಮ ಕೈಚೀಲದಲ್ಲಿರಲಿ. ಬರ್ಲಿನ್‌ಗೆ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೂಲಕ ಹೋದರೆ ವಲಸೆ ತಪಾಸಣೆ ಅಲ್ಲೇ ಆಗುತ್ತದೆ. ಆ ಸಾಲಿನಲ್ಲಿ ನಿಂತಾಗ ಪತ್ರ ಕೇಳಿದರೆ ಸೂಟ್‌ಕೇಸು ವಿಮಾನದ ಹೊಟ್ಟೆಯಲ್ಲಿರುತ್ತದೆ.

ಐದೈದರ ಗುಂಪು

ಇಪ್ಪತ್ತು ಮಕ್ಕಳು ಸಾಕು. ಜೊತೆಗೆ ಮೂವರು ಶಿಕ್ಷಕರು, ಅವರಲ್ಲಿ ಶಿಕ್ಷಕಿಯರು ಇರಲೇಬೇಕು. ಮಕ್ಕಳನ್ನು ಐದೈದರಂತೆ ವಿಂಗಡಿಸಿ. ಇದಕ್ಕೆ ಕಾರಣ ಅಲ್ಲಿನ ರೈಲು. ಬರ್ಲಿನ್ ಸಾರಿಗೆಯಲ್ಲಿ ಐವರವರೆಗೆ ಒಟ್ಟಿಗೆ ಓಡಾಡುವ 24 ಗಂಟೆಯ ಸಣ್ಣ ಗುಂಪಿನ ಟಿಕೆಟ್ ಸಿಗುತ್ತದೆ. ಮೆಟ್ರೊ, ಲೋಕಲ್ ರೈಲು, ಟ್ರ್ಯಾಮ್, ಬಸ್ಸು ಎಲ್ಲಕ್ಕೂ ಅದೇ. ಟಿಕೆಟ್ ಒಬ್ಬರ ಕೈಯಲ್ಲಿರುವುದರಿಂದ ಐವರೂ ಒಬ್ಬರನ್ನೊಬ್ಬರು ಬಿಟ್ಟಿರುವಂತಿಲ್ಲ. ತಲೆ ಎಣಿಸುವ ಕೆಲಸ ನಾಲ್ಕು ಗುಂಪಿನ ನಾಯಕರಿಗೆ ಹಂಚಿಹೋಗುತ್ತದೆ.

ಊರನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿದ್ದಾರೆ. ನಗರದೊಳಗೆ ಎಬಿ ಸಾಕು. ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ, ಹಾಗಾಗಿ ಬರುವ ದಿನ, ಹೋಗುವ ದಿನ ಎಬಿಸಿ ಟಿಕೆಟ್ ಬೇಕು. ನಮ್ಮ ಮೆಟ್ರೊದಂತೆ ಅಲ್ಲಿ ಗೇಟುಗಳಿಲ್ಲ. ಯಂತ್ರದಲ್ಲಿ ಕೊಂಡ ಟಿಕೆಟ್ಟನ್ನು ಪ್ಲಾಟ್‌ಫಾರಂನ ಪುಟ್ಟ ಡಬ್ಬಿಯಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಂಡ ಮೇಲೆಯೇ ರೈಲು ಹತ್ತಬೇಕು. ಮುದ್ರೆ ಇಲ್ಲದ ಟಿಕೆಟ್, ಟಿಕೆಟ್ ಇಲ್ಲದಿರುವುದಕ್ಕೆ ಸಮ. ದಂಡ 60 ಯೂರೊ.

ತಂಗಲು ನಗರದ ನಡುಭಾಗದ ಹಾಸ್ಟೆಲ್ ನೋಡಿ. ದೂರದ ಅಗ್ಗದ ಹೋಟೆಲಿಗಿಂತ ಇದೇ ಲೇಸು. ಮಧ್ಯಾಹ್ನ ಯಾರಿಗಾದರೂ ಹುಷಾರು ತಪ್ಪಿದರೆ ಕಾಲು ಗಂಟೆಯಲ್ಲಿ ಕೋಣೆ ಸೇರಿಸಬಹುದು.

ಮಾತು ಮಕ್ಕಳದಾಗಲಿ

ಪ್ರವಾಸದ ಜೀವ ಇರುವುದು ಇಲ್ಲಿ. ಹೊರಡುವ ಒಂದು ತಿಂಗಳ ಮುಂಚೆ ಪ್ರತಿ ವಿದ್ಯಾರ್ಥಿಗೂ ಒಬ್ಬ ವ್ಯಕ್ತಿ ಅಥವಾ ಒಂದು ಜಾಗವನ್ನು ವಹಿಸಿ. ಅವರು ಓದಿ ಒಂದು ಪುಟ ಬರೆಯಲಿ, ಆ ಜಾಗ ತಲುಪಿದಾಗ ಮೂರು ನಿಮಿಷ ಮಾತಾಡಲಿ. ಕನ್ನಡದಲ್ಲಾದರೆ ಇನ್ನೂ ಒಳ್ಳೆಯದು. ಸ್ಥಳೀಯ ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಕ್ಕಳು ತಲೆಯಾಡಿಸಿ ಕೇಳುತ್ತಾರೆ. ತಮ್ಮದೇ ತರಗತಿಯ ಹುಡುಗಿ, ತಮ್ಮದೇ ಮಾತಿನಲ್ಲಿ, ಪೀಟರ್ ಫೆಶ್ಟರ್ ಎಂಬ 18ರ ಹುಡುಗ 1962ರ ಆಗಸ್ಟ್ 17ರಂದು ಪೂರ್ವ ಬರ್ಲಿನ್‌ನಿಂದ ಪಶ್ಚಿಮ ಬರ್ಲಿನ್‌ಗೆ ಪಾರಾಗಲು ನಡುವಿನ ಬರ್ಲಿನ್ ಗೋಡೆ ಹತ್ತುವಾಗ ಗುಂಡೇಟು ತಿಂದು, ನೂರಾರು ಜನರ ಕಣ್ಣೆದುರೇ ಸುಮಾರು ಒಂದು ಗಂಟೆ ರಕ್ತ ಸುರಿಸುತ್ತಾ ಬಿದ್ದಿದ್ದ ಎಂದು ಅವನ ಸ್ಮಾರಕದ ಮುಂದೆ ಹೇಳಿದರೆ ಕೇಳುವ ರೀತಿಯೇ ಬೇರೆ. ಕೇಳುತ್ತಿರುವವರಲ್ಲಿ ಅನೇಕರಿಗೆ ಹೆಚ್ಚುಕಡಿಮೆ ಅದೇ ವಯಸ್ಸು.

ಗೈಡ್ ಬೇಡವೆಂದಲ್ಲ. ಎರಡು ಕಡೆ ಬೇಕೇ ಬೇಕು: ನಾಜಿಗಳ ಸೆರೆಶಿಬಿರವಾಗಿದ್ದ ಸಾಕ್ಸನ್‌ಹೌಸನ್‌ನಲ್ಲಿ, ಬರ್ಲಿನ್ ಗೋಡೆ ಹಾದುಹೋಗಿದ್ದ ಬರ್ನಾವರ್ ಬೀದಿಯಲ್ಲಿ. ಉಳಿದೆಡೆ ನೀವೂ ಮಕ್ಕಳೂ ಸಾಕು.

ನಾಲ್ಕು ದಿನ, ಇಸವಿಯ ಕ್ರಮದಲ್ಲಿ

ಊರನ್ನು ಭೂಪಟದ ಅನುಕೂಲಕ್ಕೆ ತಕ್ಕಂತೆ ಸುತ್ತದೆ, ಇಸವಿಗೆ ತಕ್ಕಂತೆ ಸುತ್ತಿ. ರೈಲಿನಲ್ಲಿ ಅರ್ಧ ಗಂಟೆ ಹೆಚ್ಚು ಹೋಗಬಹುದು, ಆದರೆ ಮಕ್ಕಳ ತಲೆಯಲ್ಲಿ ಕಥೆ ಗೋಜಲಾಗುವುದಿಲ್ಲ.

ಮೊದಲ ದಿನ ಸಂಸತ್ ಭವನ ರೈಕ್‌ಸ್ಟಾಗ್. 1933ರ ಫೆಬ್ರುವರಿ 27ರ ರಾತ್ರಿ ಇದಕ್ಕೆ ಬೆಂಕಿ ಬಿತ್ತು. ಆಗಷ್ಟೇ ಅಧಿಕಾರಕ್ಕೆ ಬಂದಿದ್ದ ಹಿಟ್ಲರ್ ಸರ್ಕಾರದಿಂದ ಮರುದಿನವೇ ನಾಗರಿಕ ಹಕ್ಕುಗಳನ್ನು ಅಮಾನತು ಮಾಡುವ ಆದೇಶ ಹೊರಬಿತ್ತು. ಈಗ ಮೇಲಿರುವ ಗಾಜಿನ ಗುಮ್ಮಟ ನಾರ್ಮನ್ ಫಾಸ್ಟರ್ ವಿನ್ಯಾಸ. ಸುರುಳಿ ದಾರಿಯಲ್ಲಿ ಮೇಲೇರುತ್ತಾ ಕೆಳಗಿನ ಸಭಾಂಗಣವನ್ನು ಕಾಣಬಹುದು. ಪ್ರವೇಶ ಉಚಿತ, ಆದರೆ ಪ್ರತಿಯೊಬ್ಬರ ಹೆಸರು, ಹುಟ್ಟಿದ ದಿನಾಂಕ ಕೊಟ್ಟು ಮುಂಚೆಯೇ ನೋಂದಾಯಿಸಬೇಕು. ವೀಸಾ ಕೈಸೇರಿದ ದಿನವೇ ಮಾಡಿಬಿಡಿ. ಒಳಗೆ ಹೋಗಲು ಮೂಲ ಪಾಸ್‌ಪೋರ್ಟೇ ಬೇಕು. ಬ್ರಾಂಡೆನ್‌ಬರ್ಗ್ ದ್ವಾರ ಅಲ್ಲಿಂದ ನಾಲ್ಕು ಹೆಜ್ಜೆ. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ಅಂತರ, ಹಾಗಾಗಿ ಮಕ್ಕಳು ಸಂಜೆ ಏಳಕ್ಕೇ ತೂಕಡಿಸುತ್ತಾರೆ. ಮೇ ತಿಂಗಳಲ್ಲಿ ರಾತ್ರಿ ಎಂಟೂವರೆಗೂ ಬೆಳಕಿರುತ್ತದೆ ಎಂದು ಮೊದಲ ದಿನ ಎಳೆದಾಡಬೇಡಿ.

ಎರಡನೇ ದಿನ ಬೇಬಲ್ ಚೌಕದಿಂದ ಆರಂಭಿಸಿ. 1933ರ ಮೇ 10ರ ರಾತ್ರಿ ನಾಜಿ ವಿದ್ಯಾರ್ಥಿಗಳು ಇಲ್ಲಿ 20,000ಕ್ಕೂ ಹೆಚ್ಚು ಪುಸ್ತಕ ಸುಟ್ಟರು. ಕಂಬವಿಲ್ಲ, ಪ್ರತಿಮೆಯಿಲ್ಲ. ನೆಲಹಾಸಿನ ಮಧ್ಯೆ ಒಂದು ಗಾಜಿನ ಚೌಕವಿದೆ. ಹಗಲಲ್ಲಿ ಅದರ ಮೇಲೆ ಆಕಾಶವೇ ಕಾಣುತ್ತದೆ. ಬಗ್ಗಿ, ಕಣ್ಣಿನ ಎರಡೂ ಬದಿಗೆ ಅಂಗೈ ಅಡ್ಡ ಹಿಡಿದು ನೋಡಿದರೆ ಕೆಳಗೊಂದು ಬಿಳಿಯ ಕೋಣೆ, ಅದರ ನಾಲ್ಕೂ ಗೋಡೆಗೆ ಖಾಲಿ ಕಪಾಟುಗಳು. ಸುಟ್ಟ ಪುಸ್ತಕಗಳಷ್ಟನ್ನು ಇಡುವಷ್ಟು ಜಾಗ. ಇಸ್ರೇಲಿನ ಕಲಾವಿದ ಮಿಖಾ ಉಲ್ಮನ್ 1995ರಲ್ಲಿ ಮಾಡಿದ್ದು. ಇಪ್ಪತ್ತು ಮಕ್ಕಳೂ ಒಬ್ಬೊಬ್ಬರಾಗಿ ಬಗ್ಗಿ ನೋಡುವಷ್ಟು ಹೊತ್ತು ಕೊಡಿ.

ರಸ್ತೆಯಾಚೆಗೇ ಹಂಬೋಲ್ಟ್ ವಿಶ್ವವಿದ್ಯಾಲಯ. ರಾಮಮನೋಹರ ಲೋಹಿಯಾ ಉಪ್ಪಿನ ತೆರಿಗೆಯ ಬಗ್ಗೆ ಪಿಎಚ್‌ಡಿ ಮಾಡಿದ್ದು ಇಲ್ಲಿ. ಹಿಟ್ಲರ್ ಅಧಿಕಾರ ಹಿಡಿದ 1933ರಲ್ಲೇ ಅವರು ಭಾರತಕ್ಕೆ ಮರಳಿದರು. ಅದೇ ಲೋಹಿಯಾ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿಗೆ ಬಂದು, ಗೇಣಿದಾರರ ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾದರು. ಶಿವಮೊಗ್ಗ ಕಡೆಯ ಮಕ್ಕಳಿದ್ದರೆ ಈ ಮಾತನ್ನು ಅವರಿಗೇ ವಹಿಸಿ.

ಮಧ್ಯಾಹ್ನ ಯಹೂದಿಗಳ ಹತ್ಯಾಕಾಂಡದ ಸ್ಮಾರಕ. 2005ರಲ್ಲಿ ತೆರೆದದ್ದು, 2,711 ಕಾಂಕ್ರೀಟ್ ದಿಮ್ಮಿಗಳ ಬಯಲು. ಹೊರಗಿನಿಂದ ನೋಡಿದರೆ ಮೊಣಕಾಲೆತ್ತರ, ಒಳಗೆ ನಡೆಯುತ್ತಾ ಹೋದಂತೆ ನೆಲ ಇಳಿದು ದಿಮ್ಮಿಗಳು ತಲೆ ಮೀರಿ ನಿಲ್ಲುತ್ತವೆ. ಜೊತೆಯವರು ತಟ್ಟನೆ ಕಣ್ಮರೆಯಾಗುತ್ತಾರೆ. ದಿಮ್ಮಿ ಹತ್ತುವುದು, ಜಿಗಿಯುವುದು, ನಗುವ ಸೆಲ್ಫಿ ಇಲ್ಲಿ ಸಲ್ಲದು ಎಂದು ಹಿಂದಿನ ರಾತ್ರಿಯೇ ಹೇಳಿರಿ. ನೆಲದಡಿಯ ಮಾಹಿತಿ ಕೇಂದ್ರ ಸೋಮವಾರ ಮುಚ್ಚಿರುತ್ತದೆ. ಹಾಗೆಯೇ ಬರ್ಲಿನ್‌ನ ಬಹಳಷ್ಟು ವಸ್ತುಸಂಗ್ರಹಾಲಯಗಳಿಗೂ ಸೋಮವಾರ ರಜೆ. ದಿನ ಗೊತ್ತುಮಾಡುವಾಗ ನೆನಪಿರಲಿ.

ಹಾಸ್ಟೆಲಿಗೆ ಮರಳುವ ದಾರಿಯಲ್ಲಿ ಫುಟ್‌ಪಾತ್ ನೋಡುತ್ತಾ ನಡೆಯಿರಿ. ಮನೆಗಳ ಬಾಗಿಲೆದುರು ಅಂಗೈಯಗಲದ ಹಿತ್ತಾಳೆ ತಗಡು ಕೂರಿಸಿದ ಕಲ್ಲುಗಳು ಸಿಗುತ್ತವೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ ಕೆಲಸ ಇದು. ಇಲ್ಲಿ ವಾಸವಿದ್ದರು ಎಂಬ ಸಾಲಿನಡಿ ಒಂದು ಹೆಸರು, ಹುಟ್ಟಿದ ವರ್ಷ, ಸಾಗಿಸಿದ ದಿನ, ಕೊಂದ ಜಾಗ. ಯುರೋಪಿನಾದ್ಯಂತ ಇಂಥ ಕಲ್ಲುಗಳು ಒಂದು ಲಕ್ಷ ದಾಟಿವೆ. ಓದಬೇಕಾದರೆ ತಲೆ ತಗ್ಗಿಸಲೇಬೇಕು.

ಮೂರನೇ ದಿನ ಸಾಕ್ಸನ್‌ಹೌಸನ್. ಎಸ್1 ರೈಲಿನಲ್ಲಿ ಒರಾನಿಯನ್‌ಬರ್ಗ್‌ಗೆ ಸುಮಾರು ಮುಕ್ಕಾಲು ಗಂಟೆ, ಅಲ್ಲಿಂದ ಇಪ್ಪತ್ತು ನಿಮಿಷ ನಡಿಗೆ. ಇದೂ ಸಿ ವಲಯ. 1936ರಿಂದ 1945ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಇಲ್ಲಿ ಕೂಡಿಹಾಕಿದ್ದರು. ಪ್ರವೇಶಕ್ಕೆ ಹಣವಿಲ್ಲ, ಗೈಡ್‌ ಅನ್ನು ಮುಂಗಡ ಗೊತ್ತುಮಾಡಬೇಕು. ಊಟದ ಡಬ್ಬಿ ಒಯ್ಯಿರಿ, ಆದರೆ ಶಿಬಿರದೊಳಗೆ ಬಿಚ್ಚಬೇಡಿ. ಯಾವ ಮಗುವಿಗಾದರೂ ಒಳಗೆ ಹೋಗಲು ಮನಸ್ಸಾಗದಿದ್ದರೆ ಒತ್ತಾಯ ಬೇಡ, ಒಬ್ಬ ಶಿಕ್ಷಕರು ಹೊರಗೆ ಜೊತೆಗಿರಲಿ. ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ಸಂಜೆ ಟಿಯರ್‌ಗಾರ್ಟನ್ ಉದ್ಯಾನದ ಹುಲ್ಲಿನ ಮೇಲೆ ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟುಬಿಡಿ.

ನಾಲ್ಕನೇ ದಿನ ಇಡೀ ಬರ್ನಾವರ್ ಬೀದಿಗೆ. ಪೂರ್ವ, ಪಶ್ಚಿಮ ಬರ್ಲಿನ್ ನಡುವಿನ ಹಳೆಯ ಗಡಿ ಠಾಣೆ ಚೆಕ್‌ಪಾಯಿಂಟ್ ಚಾರ್ಲಿಯ ಹೊಸ ಕಾವಲುಗೂಡು ನೋಡಿ ಬರ್ಲಿನ್ ಗೋಡೆ ಮುಗಿಯಿತು ಎನ್ನುವ ಪ್ಯಾಕೇಜುಗಳಿವೆ. ಫೆಶ್ಟರ್ ಸ್ಮಾರಕ ಅಲ್ಲೇ ಹತ್ತಿರದಲ್ಲಿದೆ, ಬೆಳಿಗ್ಗೆ ಅದನ್ನಷ್ಟೇ ನೋಡಿ ಇತ್ತ ಬನ್ನಿ. ಬರ್ನಾವರ್ ಬೀದಿಯಲ್ಲಿ ಮನೆಗಳು ಪೂರ್ವಕ್ಕೆ, ಅವುಗಳ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ ಸೇರಿತ್ತು. 1961ರ ಆಗಸ್ಟ್ 13ರಂದು ಗಡಿ ಮುಚ್ಚಿದಾಗ ಮುಂಬಾಗಿಲುಗಳಿಗೆ ಇಟ್ಟಿಗೆ ಕಟ್ಟಿದರು. ಜನ ಕಿಟಕಿಯಿಂದ ಹಾರತೊಡಗಿದರು, ಕೆಳಗೆ ಪಶ್ಚಿಮದ ಅಗ್ನಿಶಾಮಕ ದಳದವರು ಬಲೆ ಹಿಡಿದು ನಿಂತರು. ಇಡಾ ಝೀಕ್‌ಮನ್ ಎಂಬ ಹೆಂಗಸು ಆಗಸ್ಟ್ 22ರಂದು ಹಾಗೆ ಹಾರಿ ತೀರಿಕೊಂಡರು. ಗೋಡೆಯ ಮೊದಲ ಸಾವು ಅದು. 1964ರ ಅಕ್ಟೋಬರಿನಲ್ಲಿ ಇದೇ ಬೀದಿಯಡಿ ವಿದ್ಯಾರ್ಥಿಗಳು ತೋಡಿದ ಸುರಂಗದಿಂದ 57 ಜನ ಪಾರಾದರು.

ಗೋಡೆ ಇದ್ದ ಸಾಲಿನಲ್ಲಿ ಈಗ ತುಕ್ಕು ಬಣ್ಣದ ಉಕ್ಕಿನ ಕಂಬಿಗಳು ನಿಂತಿವೆ. ನಡುವೆ ನುಸುಳಿ ಆಚೆ ಹೋಗಬಹುದು. ಮಕ್ಕಳು ಸಲೀಸಾಗಿ ಹೋಗಿ ಬರುತ್ತಾರೆ, ಆಮೇಲೆ ಕಾವಲು ಗೋಪುರ ಸಹಿತ ಉಳಿಸಿಕೊಂಡಿರುವ, ಗೋಡೆಯ ಪೂರ್ವ ಬದಿಗೆ ಕಾವಲಿನವರು ಕಣ್ಣಿಟ್ಟಿರುತ್ತಿದ್ದ ಖಾಲಿ ನೆಲವನ್ನು, ಅಂದರೆ ‘ಸಾವಿನ ಪಟ್ಟೆ’ಯನ್ನು ಎದುರಿನ ಕಟ್ಟಡದ ಮಾಳಿಗೆಯಿಂದ ತೋರಿಸಿ. ಅದೇ ಪಟ್ಟೆಯಲ್ಲಿ ಸಿಕ್ಕಿಬಿದ್ದಿದ್ದ ಚರ್ಚನ್ನು ಪೂರ್ವ ಜರ್ಮನಿಯ ಸರ್ಕಾರ 1985ರಲ್ಲಿ ಸಿಡಿಸಿತು. ಹಳೆಯ ಚರ್ಚಿನ ಕಲ್ಲು, ಇಟ್ಟಿಗೆಚೂರು ಬೆರೆಸಿದ ಮಣ್ಣನ್ನೇ ಪದರ ಪದರವಾಗಿ ಬಡಿದು 2000ದಲ್ಲಿ ಪುಟ್ಟ ಪ್ರಾರ್ಥನಾ ಮಂದಿರ ಕಟ್ಟಿದ್ದಾರೆ. ಗೋಡೆಗೆ ಮುಖ ಹತ್ತಿರ ತಂದರೆ ಹೆಂಚಿನ ಚೂರುಗಳು ಕಾಣುತ್ತವೆ, ನಮ್ಮ ಹಳ್ಳಿ ಮನೆಯ ಮಣ್ಣುಗೋಡೆಯ ಹಾಗೆ.

ಮರೆಯಬಾರದ ಕೆಲವು

ಸ್ವಸ್ತಿಕ ಇರುವ ಕೀಚೈನು, ಪೆಂಡೆಂಟು, ಬ್ಯಾಗಿನ ಸ್ಟಿಕ್ಕರು ಮನೆಯಲ್ಲೇ ಇರಲಿ. ಜರ್ಮನಿಯಲ್ಲಿ ನಾಜಿ ಚಿಹ್ನೆಗಳ ಪ್ರದರ್ಶನ ಅಪರಾಧ. ನಮ್ಮದು ಬೇರೆ ಎಂದು ಬೀದಿಯಲ್ಲಿ ನಿಂತು ವಿವರಿಸುವ ಪ್ರಮೇಯ ಬರಬಾರದು, ಅದಕ್ಕಿಂತ ಹೆಚ್ಚಾಗಿ, ನೋಡುವವರಿಗೆ ನೋವಾಗಬಾರದು. ತಮಾಷೆಗೂ ನಾಜಿ ಸೆಲ್ಯೂಟ್ ಮಾಡಿದರೆ ಪೊಲೀಸರು ಹಿಡಿಯುತ್ತಾರೆ.

ಫುಟ್‌ಪಾತಿನ ಪಕ್ಕದ ಕೆಂಪು ಪಟ್ಟಿ ಸೈಕಲಿನವರದು. ಮಕ್ಕಳು ಕಾಲಿಡುವುದು ಅಲ್ಲೇ, ಸೈಕಲುಗಳು ನುಗ್ಗಿ ಬರುವುದೂ ಅಲ್ಲೇ. ನಲ್ಲಿ ನೀರು ಕುಡಿಯಬಹುದು. ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ, ಫಲಾಫಲ್ ಅಂಗಡಿ ಗಲ್ಲಿಗೊಂದು. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಣ್ಣು ಬ್ರೆಡ್ಡು ಕೊಂಡಿಟ್ಟುಕೊಳ್ಳಿ. ಶೌಚಾಲಯಕ್ಕೆ ಚಿಲ್ಲರೆ ಬೇಕು. ತುರ್ತು ಕರೆಗೆ 112. ಮನೆಗೆ ಫೋನ್ ಮಾಡಿಸುವುದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟುಕೊಳ್ಳಿ, ಆಗ ನಮ್ಮಲ್ಲಿ ಸಂಜೆ ನಾಲ್ಕೂವರೆ. ರಾತ್ರಿ ಎಂದರೆ ಇಲ್ಲಿ ತಾಯಂದಿರು ನಡುರಾತ್ರಿವರೆಗೂ ಎದ್ದು ಕಾಯುತ್ತಾರೆ.

ಏಜೆನ್ಸಿಯಿಂದ ಪ್ಯಾಕೇಜ್ ಕೊಂಡಿದ್ದರೆ ಮೊತ್ತದ ಮೇಲೆ ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ಸಂಗ್ರಹಿಸುವ ತೆರಿಗೆ, ಹಿಡಿದಿರುತ್ತಾರೆ. ಪೋಷಕರು ಅದನ್ನು ಆದಾಯ ತೆರಿಗೆ ವಿವರದಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು, ಅದಕ್ಕೆ ರಸೀದಿ ಅವರವರ ಪ್ಯಾನ್ ಸಂಖ್ಯೆಯಲ್ಲೇ ಇರಬೇಕು. ಮರಳಿ ಬಂದ ವಾರದೊಳಗೆ ಪೋಷಕರ ಸಭೆ ಕರೆದು ಖರ್ಚಿನ ಲೆಕ್ಕವನ್ನು ಯೂರೊ, ರೂಪಾಯಿ ಎರಡರಲ್ಲೂ ಕೊಡಿ. ಅದೇ ಸಭೆಯಲ್ಲಿ ಮಕ್ಕಳು ತಮ್ಮ ತಮ್ಮ ಮೂರು ನಿಮಿಷದ ಮಾತನ್ನು ಇನ್ನೊಮ್ಮೆ ಆಡಲಿ. ಶಾಲೆ ತೆರೆದ ಮೇಲೆ ಒಂಬತ್ತನೇ ತರಗತಿಗೆ ಆ ಪಾಠ ಬಂದಾಗ ಅವರನ್ನೇ ಕರೆಸಿ ಮಾಡಿಸಿ.