ಸದ್ದಿಲ್ಲದ ಹೆಜ್ಜೆಯ ಅಭ್ಯಾಸ: ನಿಂಜುತ್ಸು ಕಲಿತ ನನ್ನ ಅನುಭವ

ಜಪಾನಿನ ಚಿಬಾ ಪ್ರಾಂತ್ಯದಲ್ಲಿ ಉದ್ಯೋಗದಲ್ಲಿದ್ದ ವರ್ಷಗಳಲ್ಲಿ ನಾನು ನಿಂಜುತ್ಸು, ಅಂದರೆ ನಿಂಜಾ ಎಂಬ ಜಪಾನಿನ ಗೂಢಚಾರರ ವಿದ್ಯೆ, ಕಲಿಯಲು ಆರಂಭಿಸಿದೆ. ಅಲ್ಲಿನ ನೋದಾ ನಗರ ಈ ವಿದ್ಯೆಗೆ ಹೆಸರಾದದ್ದು ಹತ್ಸುಮಿ ಮಸಾಕಿ ಅವರಿಂದ. ತಮ್ಮ ಗುರು ತಕಮತ್ಸು ತೊಷಿತ್ಸುಗು ಅವರಿಂದ ಪಡೆದ ಒಂಬತ್ತು ಪರಂಪರೆಗಳನ್ನು ಅವರು ಬುಜಿನ್‌ಕಾನ್ ಸಂಸ್ಥೆಯ ಮೂಲಕ ಹೊರಗಿನವರಿಗೂ ಕಲಿಸಿದರು. ಅವುಗಳಲ್ಲೊಂದಾದ ತೊಗಾಕುರೆ ಪರಂಪರೆ ತನ್ನ ಮೂಲವನ್ನು 12ನೇ ಶತಮಾನದಲ್ಲಿ ಗುರುತಿಸಿಕೊಳ್ಳುತ್ತದೆ. ಅಷ್ಟು ಹಿಂದಿನ ಗುರುಪರಂಪರೆಗೆ ಸ್ವತಂತ್ರ ಆಧಾರವಿಲ್ಲವೆಂದು ಹಲವು ಇತಿಹಾಸಕಾರರು ಆಕ್ಷೇಪಿಸುತ್ತಾರೆ. ಆ ಆಕ್ಷೇಪ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ನಿಂಜಾಗಳ ದಾಖಲೆಯುಳ್ಳ ಇತಿಹಾಸ ಇಗಾ ಮತ್ತು ಕೋಗಾ ಎಂಬ ನೆರೆಹೊರೆಯ ಬೆಟ್ಟದ ಸೀಮೆಗಳದ್ದು. 1579ರಲ್ಲಿ ಇಗಾದ ಮೇಲೆ ದಂಡೆತ್ತಿ ಹೋದ ಓದಾ ನೊಬುಕತ್ಸು ಸೋತು ಹಿಂದಿರುಗಿದನು. 1581ರಲ್ಲಿ ಅವನ ತಂದೆ, ಆಗಿನ ಪ್ರಬಲ ಸೇನಾನಾಯಕ ನೊಬುನಾಗಾ, ದೊಡ್ಡ ಸೈನ್ಯವನ್ನು ಕಳುಹಿಸಿ ಆ ಸೀಮೆಯನ್ನೇ ಧ್ವಂಸಗೊಳಿಸಿದನು. ಯುದ್ಧಗಳ ಕಾಲ ಮುಗಿದ ಮೇಲೆ, 1676ರಲ್ಲಿ, ಫುಜಿಬಯಾಷಿ ಯಾಸುತಾಕೆ ಅಳಿದುಳಿದ ತಿಳಿವಳಿಕೆಯನ್ನು ‘ಬನ್‌ಸೆನ್‌ಷೂಕೈ’ ಗ್ರಂಥದಲ್ಲಿ ಸಂಕಲಿಸಿದನು. ಮನಸ್ಸಿನ ಶಿಸ್ತು, ವೇಷ ಮರೆಸುವಿಕೆ, ಕೋಟೆಯೊಳಗೆ ನುಸುಳುವ ಬಗೆ, ಉಪಕರಣಗಳು, ಬೆಂಕಿಮದ್ದು, ಇವೆಲ್ಲ ಅದರಲ್ಲಿ ವಿಸ್ತಾರವಾಗಿವೆ. ಕೈಕೈ ಮಿಲಾಯಿಸುವ ಹೋರಾಟಕ್ಕೆ ಸಿಕ್ಕಿರುವ ಸ್ಥಳ ಬಹಳ ಕಡಿಮೆ. ಗೂಢಚಾರನ ಕರ್ತವ್ಯ ಸುದ್ದಿಯೊಡನೆ ಜೀವಂತವಾಗಿ ಮರಳುವುದಾಗಿತ್ತು. ಇದನ್ನು ಅರಿತ ಮೇಲೆ ನನ್ನ ಅಭ್ಯಾಸದ ಗಮನವೂ ಹೊಡೆತಗಳಿಂದ ಬೀಳುವಿಕೆ ಮತ್ತು ನಡಿಗೆಯ ಕಡೆಗೆ ತಿರುಗಿತು.

ಮೊದಲು ಕಲಿತದ್ದು ಸನ್‌ಷಿನ್ ಎಂಬ ಐದು ಚಲನೆಗಳನ್ನು. ಭೂಮಿ, ಜಲ, ಅಗ್ನಿ, ವಾಯು, ಆಕಾಶ ಎಂಬ ಅವುಗಳ ಹೆಸರುಗಳು ಬೌದ್ಧಧರ್ಮದೊಡನೆ ಭಾರತದಿಂದ ಅಲ್ಲಿಗೆ ತಲುಪಿದ ಪಂಚಭೂತಗಳೇ ಆಗಿದ್ದುದರಿಂದ, ಕನ್ನಡಿಗನಾದ ನನಗೆ ಕ್ರಮವನ್ನು ನೆನಪಿಡುವುದು ಸುಲಭವಾಯಿತು.

ಬಳಿಕ ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವ ವಿದ್ಯೆ. ಗದ್ದವನ್ನು ಎದೆಗೆ ತಂದು, ತೋಳಿನಿಂದ ಭುಜಕ್ಕೆ, ಭುಜದಿಂದ ಎದುರು ಬದಿಯ ಸೊಂಟಕ್ಕೆ ಓರೆಯಾಗಿ ಉರುಳಿದರೆ ಬೆನ್ನುಮೂಳೆ ನೇರವಾಗಿ ನೆಲಕ್ಕೆ ಬಡಿಯುವುದಿಲ್ಲ. ನಾನು ಇದನ್ನು ಮೊಣಕಾಲೂರಿ ಆರಂಭಿಸಿ, ಭಯ ಕಳೆದ ಮೇಲೆ ನಿಂತು ಮಾಡಿದೆ. ಚಾಪೆಯನ್ನು ಬಿಟ್ಟು ಮರದ ನೆಲದ ಮೇಲೆ ಉರುಳಿದಾಗಲೇ ದೇಹದ ಯಾವ ಮೂಲೆ ಇನ್ನೂ ಬಿಗಿದುಕೊಂಡಿದೆಯೆಂಬುದು ತಿಳಿಯುತ್ತಿತ್ತು.

ನಡಿಗೆಗೆ ಇದಕ್ಕಿಂತಲೂ ಹೆಚ್ಚು ಕಾಲ ಹಿಡಿಯಿತು. ಮೊಣಕಾಲು ಬಾಗಿಸಿ, ಇಡೀ ತೂಕವನ್ನು ಹಿಂಗಾಲಿನ ಮೇಲಿರಿಸಿಕೊಂಡು, ಮುಂಗಾಲಿನ ಕಿರುಬೆರಳಿನ ಅಂಚಿನಿಂದ ನೆಲವನ್ನು ತಡವಿ ನೋಡಿ, ಅಲ್ಲಿ ಕಡ್ಡಿಯೋ ಸಡಿಲ ಹಲಗೆಯೋ ಇಲ್ಲವೆಂದು ಖಚಿತವಾದ ಮೇಲೆಯೇ ಪಾದವನ್ನು ಪೂರ್ತಿ ಊರಿ ತೂಕವನ್ನು ಸಾಗಿಸಬೇಕು. ಯಾವ ಕ್ಷಣದಲ್ಲಾದರೂ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವಾದರೆ ಮಾತ್ರ ಅದು ಸರಿಯಾದ ಹೆಜ್ಜೆ. ಹೊಸಬರು ಮಂಡಿಯ ಬದಲು ಸೊಂಟವನ್ನು ಬಾಗಿಸುವುದರಿಂದ ತೂಕ ಮುಂದಕ್ಕೆ ಜಾರಿ ಈ ಸ್ವಾತಂತ್ರ್ಯ ತಪ್ಪಿಹೋಗುತ್ತದೆ. ಆದ್ದರಿಂದ ನನ್ನೊಡನೆ ಅಭ್ಯಾಸಕ್ಕೆ ಬರುವವರನ್ನು ಮೊದಲು ಒಂಟಿಕಾಲಿನ ಮೇಲೆ, ಬೆನ್ನು ನೆಟ್ಟಗಿಟ್ಟು, ನಿಧಾನವಾಗಿ ಕುಳಿತೇಳಲು ಹಚ್ಚುತ್ತೇನೆ.