ತಲೆಕೆಳಗಾಗಿ ನೋಡಿ: ಹಂಪಿಯಲ್ಲಿ ಫೋಟೋ ಸಂಯೋಜನೆ ಕಲಿಯುವ ಬಗೆ

ಹಂಪಿಯ ವಿರೂಪಾಕ್ಷ ದೇವಾಲಯದ ಗರ್ಭಗುಡಿಯ ಹಿಂಬದಿಯಲ್ಲಿ ಒಂದು ಕತ್ತಲೆ ಕೋಣೆಯಿದೆ. ಅಲ್ಲಿನ ಸಣ್ಣ ಕಿಂಡಿಯಿಂದ ಒಳಗೆ ಬರುವ ಬೆಳಕು, ಸುಮಾರು 50 ಮೀಟರ್ ಎತ್ತರದ ಪೂರ್ವ ಗೋಪುರದ ಬಿಂಬವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಹೆಚ್ಚಿನವರು ಅದನ್ನು ನೋಡಿ ಅಚ್ಚರಿಪಟ್ಟು, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡು ಮುಂದೆ ನಡೆಯುತ್ತಾರೆ. ಫೋಟೋ ಸಂಯೋಜನೆಯನ್ನು, ಅಂದರೆ ಚೌಕಟ್ಟಿನೊಳಗೆ ಯಾವುದು ಎಲ್ಲಿರಬೇಕೆಂಬುದನ್ನು, ಕಲಿಯಬೇಕೆಂದಿರುವವರು ಅಲ್ಲಿ ಇನ್ನೂ ಐದು ನಿಮಿಷ ನಿಲ್ಲುವುದು ಒಳ್ಳೆಯದು. ಆ ಗೋಡೆಯ ಮೇಲೆ ಗೋಪುರ ಎಂಬ ಹೆಸರು ಕಳಚಿಹೋಗಿ, ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಒಂದು ಕಪ್ಪು ಆಕಾರ ಮತ್ತು ಅದರ ಸುತ್ತಲಿನ ಬೆಳಕು ಮಾತ್ರ ಉಳಿದಿರುತ್ತದೆ. ಕ್ಯಾಮೆರಾಕ್ಕೆ ಕಾಣುವುದೂ ಅಷ್ಟೇ.

ನಮ್ಮ ಚಿತ್ರಗಳು ಸಪ್ಪೆಯಾಗುವುದಕ್ಕೆ ಮುಖ್ಯ ಕಾರಣ ಇಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ. ಕಲ್ಲಿನ ರಥದ ಮುಂದೆ ನಿಂತಾಗ ಮನಸ್ಸು ರಥವನ್ನಷ್ಟೇ ನೋಡುತ್ತದೆ. ಅದರ ಹಿಂದೆ ಅಡ್ಡ ಬಂದಿರುವ ಮಂಟಪದ ಸೂರು, ಬಲಬದಿಯ ಅರ್ಧ ತುಂಡಾದ ಮರ, ಕೆಳಗಿನ ಮೂಲೆಯಲ್ಲಿ ಹೊಳೆಯುತ್ತಿರುವ ಬಾಟಲಿ ಇವು ಯಾವುವೂ ಅದಕ್ಕೆ ಕಾಣುವುದಿಲ್ಲ. ಚಿತ್ರಕಲೆಯ ತರಗತಿಗಳಲ್ಲಿ ಇದಕ್ಕೆ ಹಳೆಯ ಉಪಾಯವೊಂದಿದೆ. ಕಣ್ಣನ್ನು ಅರೆಮುಚ್ಚಿ ದೃಶ್ಯವನ್ನು ನೋಡಬೇಕು. ಆಗ ಕುಸುರಿಯೆಲ್ಲ ಕರಗಿ ಕಪ್ಪು, ಬಿಳಿ, ನಡುವಣ ಬೂದು ಎಂಬ ಮೂರು ನಾಲ್ಕು ದೊಡ್ಡ ತೇಪೆಗಳು ಉಳಿಯುತ್ತವೆ. ಆ ತೇಪೆಗಳ ಜೋಡಣೆ ಹಿತವಾಗಿದ್ದರೆ ಮಾತ್ರ ಗುಂಡಿ ಒತ್ತಬೇಕು. ಇಲ್ಲದಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ನೋಡಬೇಕು.

1856ರ ಹೊತ್ತಿಗೆ ಹಂಪಿಯ ಅವಶೇಷಗಳ ಚಿತ್ರಗಳನ್ನು ತೆಗೆದ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಅವರಿಗೆ ಹೀಗೆ ನೋಡದೆ ಬೇರೆ ದಾರಿಯೇ ಇರಲಿಲ್ಲ. ಅಂದಿನ ದೊಡ್ಡ ಕ್ಯಾಮೆರಾಗಳ ಹಿಂಬದಿಯ ಮಸುಕು ಗಾಜಿನ ಮೇಲೆ ದೃಶ್ಯ ತಲೆಕೆಳಗಾಗಿಯೇ ಬೀಳುತ್ತಿತ್ತು. ಅವರು ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಆ ಕಾಗದ ನೀಲಿ ಬೆಳಕಿಗೆ ಬಲುಬೇಗ ಸ್ಪಂದಿಸುತ್ತಿದ್ದುದರಿಂದ ಮುದ್ರಿತ ಚಿತ್ರದಲ್ಲಿ ಆಕಾಶ ಬರಿಯ ಬಿಳಿಯಾಗಿ ಉಳಿಯುತ್ತಿತ್ತು. ಹಾಗಾಗಿ ಅವರ ಚಿತ್ರಗಳಲ್ಲಿ ಆಕಾಶವೂ ಕತ್ತರಿಸಿ ಅಂಟಿಸಿದ ಒಂದು ಆಕಾರದಂತೆ ಕಾಣುತ್ತದೆ. ಕಲ್ಲಿನ ರಥದ ಮೇಲೆ ಆಗ ಇನ್ನೂ ಇದ್ದ ಇಟ್ಟಿಗೆಯ ಶಿಖರವನ್ನೂ ಅವರ ಚಿತ್ರದಲ್ಲಿ ನೋಡಬಹುದು. ಆ ಶಿಖರ ಇಂದು ಇಲ್ಲ. ರಥದ ಹೊರಗೆರೆ ಅಂದಿಗಿಂತ ಗಿಡ್ಡವಾಗಿ, ಮೇಲೆ ಚಪ್ಪಟೆಯಾಗಿದೆ. ಅಂದಿನವರು ಉದ್ದುದ್ದ ಹಿಡಿಯಬಹುದಾಗಿದ್ದ ಚೌಕಟ್ಟನ್ನು ಇಂದು ಅಡ್ಡಡ್ಡ ಹಿಡಿಯುವುದೇ ಹೆಚ್ಚು ಹೊಂದುತ್ತದೆ. ವಿಷಯದ ಹೊರಗೆರೆ ಹೇಗಿದೆಯೋ ಚೌಕಟ್ಟೂ ಹಾಗೆ.

ಇದೇ ಪರೀಕ್ಷೆಯನ್ನು ಮೊಬೈಲಿನಲ್ಲಿಯೂ ಮಾಡಬಹುದು. ಪರದೆ ತಾನಾಗಿ ತಿರುಗದಂತೆ ಆಟೋ ರೊಟೇಟ್ ಆಯ್ಕೆಯನ್ನು ನಿಲ್ಲಿಸಿ, ತೆಗೆದ ಚಿತ್ರವನ್ನು ತೆರೆದು, ಫೋನನ್ನು ತಲೆಕೆಳಗೆ ಹಿಡಿಯಿರಿ. ವಿರೂಪಾಕ್ಷ ಗುಡಿಯ ಪಕ್ಕದ ಹೇಮಕೂಟ ಗುಡ್ಡದ ಬಂಡೆಯ ಮೇಲಿಂದ ನಾನು ತೆಗೆದಿದ್ದ, ತುಂಬಾ ಮೆಚ್ಚಿಕೊಂಡಿದ್ದ ಚಿತ್ರವೊಂದನ್ನು ಹೀಗೆ ತಿರುಗಿಸಿ ನೋಡಿದಾಗ ಕಣ್ಣು ಗೋಪುರದ ಕಡೆಗೆ ಹೋಗಲೇ ಇಲ್ಲ. ಚೌಕಟ್ಟಿನ ಅಂಚಿನಲ್ಲಿ, ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬೆರಳಗಲದ ಬಿಳಿ ಪ್ಲಾಸ್ಟಿಕ್ ಚೀಲಕ್ಕೆ ನೇರವಾಗಿ ಹೋಯಿತು. ಸುತ್ತಲೂ ಕಂದು ಬಂಡೆ, ನಡುವೆ ಅದೊಂದೇ ಬಿಳಿ ಚುಕ್ಕೆ. ಅತಿ ಹೆಚ್ಚಿನ ವೈದೃಶ್ಯ, ಅಂದರೆ ಕಪ್ಪು ಬಿಳುಪಿನ ಅಂತರ, ಇರುವ ಕಡೆಗೆ ಕಣ್ಣು ಮೊದಲು ಹರಿಯುತ್ತದೆ ಎಂಬ ಮಾತನ್ನು ಅದಕ್ಕೂ ಮುಂಚೆ ಹತ್ತಾರು ಕಡೆ ಓದಿದ್ದೆ. ಅದು ಅರ್ಥವಾದದ್ದು ಆ ಚೀಲದಿಂದ. ಅಂದಿನಿಂದ ಗುಂಡಿ ಒತ್ತುವ ಮೊದಲು ಚೌಕಟ್ಟಿನ ನಾಲ್ಕೂ ಅಂಚುಗಳ ಮೇಲೆ ಒಮ್ಮೆ ಕಣ್ಣು ಓಡಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ರೇಖೆಯ ಪಾಠಕ್ಕೆ ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಗಿಂತ ಉತ್ತಮವಾದ ಜಾಗ ಸಿಗುವುದು ಕಷ್ಟ. ಗೋಪುರದಿಂದ ಪೂರ್ವಕ್ಕೆ, ಮಾತಂಗ ಪರ್ವತದ ಬುಡದಲ್ಲಿರುವ ಏಕಶಿಲಾ ನಂದಿಯವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದಕ್ಕೆ ಎರಡೂ ಬದಿಯಲ್ಲಿ ಕಂಬದ ಮಂಟಪಗಳ ಸಾಲುಗಳಿವೆ. ನಂದಿಯ ಕಡೆ ನಿಂತು ಪಶ್ಚಿಮಕ್ಕೆ ನೋಡಿದರೆ ಎರಡೂ ಸಾಲುಗಳು ಕಣ್ಣನ್ನು ಕೈಹಿಡಿದು ಗೋಪುರದ ಬಾಗಿಲಿಗೆ ಒಯ್ಯುತ್ತವೆ. ಬೀದಿಯ ನಟ್ಟನಡುವೆ ನಿಂತರೆ ಎರಡು ರೇಖೆಗಳೂ ಸಮನಾಗಿ ಬಂದು ಚಿತ್ರಕ್ಕೆ ಗಾಂಭೀರ್ಯ ಬರುತ್ತದೆ. ಒಂದು ಬದಿಯ ಮಂಟಪಕ್ಕೆ ಒತ್ತಿಕೊಂಡು ನಿಂತರೆ ಒಂದು ರೇಖೆ ಕಡಿದಾಗಿ, ಇನ್ನೊಂದು ಮಲಗಿದಂತಾಗಿ ಚಲನೆ ಹುಟ್ಟುತ್ತದೆ. ಮೊಣಕಾಲೂರಿ ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿದರೆ ಮುನ್ನೆಲೆಯ ಕಲ್ಲು, ಮಣ್ಣು ಹಿರಿದಾಗಿ ಬೀದಿ ಇನ್ನಷ್ಟು ಉದ್ದವಾಗಿ ಕಾಣುತ್ತದೆ. ದೂರದ ವಸ್ತುವಿಗೂ ಹತ್ತಿರದ ವಸ್ತುವಿಗೂ ಇರುವ ಗಾತ್ರದ ಅನುಪಾತವನ್ನು ನಿರ್ಧರಿಸುವುದು ನಾವು ನಿಂತ ಜಾಗವೇ ಹೊರತು ಲೆನ್ಸ್ ಅಲ್ಲ. ಲೆನ್ಸ್ ಮಾಡುವುದು ಆ ನೋಟದಲ್ಲಿ ಎಷ್ಟು ಭಾಗವನ್ನು ಕತ್ತರಿಸಿಕೊಳ್ಳಬೇಕೆಂಬ ಕೆಲಸವನ್ನು ಮಾತ್ರ. ಆದ್ದರಿಂದ ಜೂಮ್ ಮಾಡುವುದಕ್ಕೆ ಮೊದಲು ನಡೆಯಬೇಕು. ಗೋಪುರದ ಬುಡಕ್ಕೆ ಹೋಗಿ ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಅದು ಹಿಂದಕ್ಕೆ ವಾಲಿದಂತೆ ಕಾಣುವುದನ್ನು ಎಲ್ಲರೂ ನೋಡಿರುತ್ತಾರೆ. ಅರ್ಧ ಬೀದಿ ಹಿಂದಕ್ಕೆ ಬಂದು, ಕ್ಯಾಮೆರಾವನ್ನು ನೆಲಕ್ಕೆ ಸಮವಾಗಿ ಹಿಡಿದರೆ ಅದು ನೆಟ್ಟಗೆ ನಿಲ್ಲುತ್ತದೆ.

ಇದೇ ಬೀದಿಯಲ್ಲಿ ಬೆಳಕನ್ನೂ ಗಮನಿಸಿ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ ಇದ್ದು ಗೋಪುರದ ಪೂರ್ವ ಮುಖ ಪೂರ್ತಿ ಬೆಳಗುತ್ತದೆ. ಸಂಜೆ ಅದೇ ಗೋಪುರ ಆಕಾಶದ ಮುಂದೆ ಕಪ್ಪು ಆಕಾರವಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರ ಬದಿಯ ಮಂಟಪಗಳಿಗೆ ಬಿಸಿಲು ಬಿದ್ದು, ದಕ್ಷಿಣ ಬದಿಯವು ನೆರಳಿನಲ್ಲಿ ಉಳಿಯುತ್ತವೆ. ಒಂದು ರೇಖೆ ಬೆಳಕಿನದು, ಇನ್ನೊಂದು ಕತ್ತಲೆಯದು. ನನಗೆ ಈ ಬೀದಿ ಅತ್ಯಂತ ಚೆಂದ ಕಂಡದ್ದು ಆ ದಿನಗಳಲ್ಲಿಯೇ.

ಕ್ಯಾಮೆರಾದಲ್ಲಿ ಗ್ರಿಡ್ ಆಯ್ಕೆಯನ್ನು ತೆರೆದರೆ ಪರದೆಯ ಮೇಲೆ ಎರಡು ಅಡ್ಡಗೆರೆ, ಎರಡು ಉದ್ದಗೆರೆಗಳು ಮೂಡುತ್ತವೆ. ಮುಖ್ಯ ವಸ್ತುವನ್ನು ಅವು ಸೇರುವ ಬಿಂದುವಿನಲ್ಲಿಡಬೇಕೆಂದು ಎಲ್ಲ ಕಡೆಯೂ ಹೇಳಿಕೊಡುತ್ತಾರೆ. 1797ರಲ್ಲಿ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಈ ಮೂರನೆಯ ಒಂದು ಭಾಗದ ನಿಯಮಕ್ಕೆ ಹೆಸರಿಟ್ಟು ಬರೆದಾಗ ಹೇಳಿದ್ದು ಮುಖ್ಯವಾಗಿ ಪಾಲಿನ ವಿಚಾರ: ನೆಲ, ನೀರು ಸೇರಿ ಒಂದು ಪಾಲಾದರೆ ಆಕಾಶಕ್ಕೆ ಎರಡು ಪಾಲು. ಎರಡು ಭಾಗಗಳು ಸಮಸಮವಾಗಿ ನಿಂತು ಒಂದರೊಡನೊಂದು ಜಗಳಕ್ಕೆ ಬೀಳಬಾರದೆಂಬುದು ಅದರ ತಿರುಳು. ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳು ಎಳೆಗೆ ಆಧಾರ ಕೊಡುತ್ತವೆಯೇ ಹೊರತು ಅವೇ ರಂಗೋಲಿಯಲ್ಲ. ಗ್ರಿಡ್ಡನ್ನೂ ಹಾಗೆಯೇ ಬಳಸಬೇಕು. ಮಾತಂಗದ ತುದಿಯಿಂದ ಸೂರ್ಯೋದಯ ತೆಗೆಯುವಾಗ ಆಕಾಶದಲ್ಲಿ ಮೋಡದ ಬಣ್ಣವಿದ್ದರೆ ಅದಕ್ಕೆ ಎರಡು ಪಾಲು ಕೊಡಿ. ಬೋಳು ಆಕಾಶವಾದರೆ ಕೆಳಗಿನ ಬಂಡೆಗಳಿಗೆ ಕೊಡಿ. ನಿಂತ ನೀರಿನಲ್ಲಿ ಮಂಟಪದ ಪ್ರತಿಬಿಂಬ ಪೂರ್ತಿಯಾಗಿ ಬಿದ್ದಿದ್ದರೆ ಮಾತ್ರ ನಡುಗೆರೆಯೇ ಸರಿ.

ಆನೆಲಾಯದಲ್ಲಿ ಈ ನಿಯಮವನ್ನು ಮರೆತುಬಿಡಬಹುದು. ಸಾಲಾಗಿರುವ 11 ಕೋಣೆಗಳು, ಅವುಗಳ ಮೇಲೆ ಬಗೆಬಗೆಯ ಗುಮ್ಮಟಗಳು, ನಡುವಿನ ಕೋಣೆಯಿಂದ ಎಡಕ್ಕೂ ಬಲಕ್ಕೂ ಜೋಡಿಯಾಗಿ ಸಾಗುವ ಆಕಾರಗಳು. ಇಂತಹ ಕಡೆ ಸಮ್ಮಿತಿಗೆ ಪೂರ್ತಿ ಶರಣಾಗುವುದೇ ಒಳ್ಳೆಯದು, ಅರೆಬರೆ ಸಮ್ಮಿತಿ ಎಡವಟ್ಟಿನಂತೆ ಕಾಣುತ್ತದೆ. ನಡುಬಾಗಿಲಿನ ಎದುರಿಗೆ ಸರಿಯಾಗಿ ನಿಂತು, ಎರಡೂ ತುದಿಗಳಲ್ಲಿ ಸಮನಾದ ಜಾಗ ಉಳಿದಿದೆಯೇ ಎಂದು ನೋಡಿಕೊಳ್ಳಿ. ನಂತರ ಕಾಯಿರಿ. ಕಮಾನು, ಕಮಾನು, ಕಮಾನು ಎಂದು ಸಾಗುವ ಲಯದಲ್ಲಿ ಯಾವುದೋ ಒಂದು ಕಮಾನಿನೊಳಗೆ ಒಬ್ಬ ವ್ಯಕ್ತಿ ಬಂದು ನಿಂತಾಗ ಕಣ್ಣಿಗೆ ತಂಗಲು ನೆಲೆ ಸಿಗುತ್ತದೆ, ಕಟ್ಟಡದ ಅಗಾಧತೆಯೂ ಅಳತೆಗೆ ಸಿಗುತ್ತದೆ. ಅರಮನೆಯ ಆವರಣದ ಮೆಟ್ಟಿಲು ಪುಷ್ಕರಣಿಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮಾಡಿ: ಆಕಾಶವನ್ನೂ ದಡವನ್ನೂ ಬಿಟ್ಟು, ಓರೆ ಬಿಸಿಲಿನಲ್ಲಿ ಒಂದು ಮೈ ಬೆಳಗಿ ಇನ್ನೊಂದು ಮೈ ಕಪ್ಪಾಗಿರುವ ಕಪ್ಪು ಕಲ್ಲಿನ ಮೆಟ್ಟಿಲುಗಳನ್ನಷ್ಟೇ ಚೌಕಟ್ಟಿನ ತುಂಬ ತುಂಬಿಕೊಳ್ಳಿ. ಅಲ್ಲಿ ತ್ರಿಕೋನಗಳ ಪುನರಾವರ್ತನೆಯೇ ವಿಷಯ.

ಸಮತೋಲನವೆಂದರೆ ಎರಡೂ ಕಡೆ ಒಂದೇ ಗಾತ್ರವಿರಬೇಕೆಂದಲ್ಲ. ತಕ್ಕಡಿಯಲ್ಲಿ ಒಂದು ಮೂಟೆ ಹತ್ತಿಗೆ ಸಣ್ಣ ಕಬ್ಬಿಣದ ಬಟ್ಟು ಸಾಕಾಗುವಂತೆ, ಎಡಗಡೆಯ ಭಾರೀ ಕಪ್ಪು ಬಂಡೆಗೆ ಬಲಗಡೆ ದೂರದಲ್ಲಿ ಬಿಸಿಲು ಬಿದ್ದ ಒಂದು ಪುಟ್ಟ ಮಂಟಪ ಸಾಕು. ಚಿಕ್ಕದಾದರೂ ಬೆಳಗಿರುವುದಕ್ಕೆ ತೂಕ ಹೆಚ್ಚು. ಮನುಷ್ಯರ ಮುಖಕ್ಕೆ ಇನ್ನೂ ಹೆಚ್ಚು. ವ್ಯಕ್ತಿ ನೋಡುತ್ತಿರುವ ಅಥವಾ ನಡೆಯುತ್ತಿರುವ ದಿಕ್ಕಿನಲ್ಲಿ ಒಂದಿಷ್ಟು ಜಾಗ ಬಿಡುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ತುಂಗಭದ್ರೆಯ ಮೇಲಿನ ಹರಿಗೋಲನ್ನು ದಡದ ಎತ್ತರದ ಬಂಡೆಯಿಂದ ತೆಗೆಯುವಾಗ ಹತ್ತಿರಕ್ಕೆ ಎಳೆದುಕೊಳ್ಳುವ ಆಸೆಯನ್ನು ತಡೆದು, ಸುತ್ತಲಿನ ನೀರನ್ನು ಧಾರಾಳವಾಗಿ ಬಿಡಿ. ಆ ಖಾಲಿ ನೀರೇ ದುಂಡನೆಯ ಹರಿಗೋಲಿನ ಒಂಟಿತನವನ್ನು ಹೇಳುತ್ತದೆ.

ಹೇಮಕೂಟದ ಮಂಟಪಗಳ ಕಂಬಗಳ ನಡುವಿನಿಂದ ಗೋಪುರವನ್ನು ನೋಡುವುದು ಹಂಪಿಯಲ್ಲಿ ಎಲ್ಲರೂ ಮಾಡುವ ಕೆಲಸ. ಅದು ಚೆನ್ನಾಗಿಯೇ ಬರುತ್ತದೆ, ಕಂಬ ಗೋಪುರಕ್ಕೆ ತಾಗದೆ ನಡುವೆ ಆಕಾಶದ ಒಂದು ಎಳೆ ಉಳಿಯುವಂತೆ ನಿಂತರೆ ಸಾಕು. ಬಣ್ಣದ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ಕಂದು ಬಂಡೆ, ಬಾಳೆತೋಟದ ಹಸಿರು, ಆಕಾಶದ ನೀಲಿ ಇಷ್ಟರಲ್ಲೇ ದೃಶ್ಯ ತುಂಬಿರುವಾಗ ಒಂದು ಕೆಂಪು ಸೀರೆ ಸಾಕಷ್ಟಾಯಿತು. ಎರಡನೆಯ ಕೆಂಪು ಬಂದರೆ ಮೊದಲನೆಯದರ ಬಲ ಕುಂದುತ್ತದೆ.

ಅಭ್ಯಾಸಕ್ಕೆ ಒಂದು ಬೆಳಿಗ್ಗೆಯನ್ನು ರಥಬೀದಿಗೇ ಮೀಸಲಿಡಿ. ಜೂಮ್ ಬಳಸದೆ, ಗೋಪುರವನ್ನು ಮಾತ್ರ ವಿಷಯವಾಗಿಟ್ಟುಕೊಂಡು ಹತ್ತು ಬೇರೆ ಬೇರೆ ಜಾಗಗಳಿಂದ ಹತ್ತೇ ಚಿತ್ರ ತೆಗೆಯಿರಿ. ಪ್ರತಿ ಸಲವೂ ಮೊದಲು ಕಣ್ಣು ಅರೆಮುಚ್ಚಿ ತೇಪೆಗಳನ್ನು ನೋಡಿ, ಆಮೇಲೆ ನಾಲ್ಕು ಅಂಚುಗಳನ್ನು ನೋಡಿ, ಕೊನೆಗೆ ಗುಂಡಿ ಒತ್ತಿ. ಬಿಸಿಲೇರಿದ ಮೇಲೆ ಯಾವುದಾದರೂ ಮಂಟಪದ ನೆರಳಿನಲ್ಲಿ ಕುಳಿತು ಹತ್ತನ್ನೂ ತಲೆಕೆಳಗಾಗಿ ತಿರುಗಿಸಿ ನೋಡಿ, ಕಣ್ಣು ಮೊದಲು ಎಲ್ಲಿಗೆ ಹೋಯಿತೆಂದು ಒಂದೊಂದಕ್ಕೂ ಬರೆದಿಟ್ಟುಕೊಳ್ಳಿ. ಅದು ಗೋಪುರಕ್ಕಲ್ಲದೆ ಬೇರೆಡೆಗೆ ಹೋದ ಚಿತ್ರಗಳನ್ನು ಅಳಿಸಬೇಡಿ. ಸಂಜೆ ಅದೇ ಜಾಗಗಳಿಗೆ ಹೋಗಿ, ಗೋಪುರ ಕಪ್ಪು ಆಕಾರವಾಗಿರುವಾಗ, ಅವನ್ನೇ ಮತ್ತೊಮ್ಮೆ ತೆಗೆಯಿರಿ.